ತುದಿಯಲ್ಲಿ ನೂರು ಕಟ್ಟು

ಜನವರಿ 14, 2002

ಅಕ್ಕ,

ಬಂದು ಸೇರಿದೆ. ಮೊದಲು ಇಷ್ಟನ್ನು ಅಮ್ಮನಿಗೆ ಓದಿ ಹೇಳು: ಪುಟ್ಟ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾನೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದಾನೆ, ಕಾರ್ಖಾನೆಯ ಬೆಂಕಿಯಿಂದ ದೂರ ಇದ್ದಾನೆ. ಓದಿ ಆಯಿತಾ? ಮುಂದಿನದು ನಿನಗೆ ಮಾತ್ರ. ಬೆಂಕಿ ನನ್ನ ಕುರ್ಚಿಯ ಹಿಂದೆಯೇ ಇದೆ. ಸ್ವೆಟರ್ ಹಾಕಿಕೊಂಡರೆ ನಾನೂ ಕರಗಿ ಬಾಟಲಿಯಾಗುತ್ತೇನೆ.

ಕಾರ್ಖಾನೆ ಎಂದರೆ ಉದ್ದಕ್ಕೆ ಮಲಗಿದ ಒಂದೇ ಶೆಡ್ಡು. ಒಂದು ಕಡೆ ಕುಲುಮೆ. ಅಲ್ಲಿ ಗಾಜು ಕರಗಿ, ಅಚ್ಚಿಗೆ ಬಿದ್ದು, ಕೆಂಪಗೆ ಹೊಳೆಯುವ ಬಾಟಲಿಯಾಗುತ್ತದೆ. ಆಮೇಲೆ ಸುರಂಗದಂಥ ಒಲೆಯೊಳಗೆ ಬೆಲ್ಟಿನ ಮೇಲೆ ಸಾಲಾಗಿ ನಿಂತು ನಿಧಾನಕ್ಕೆ ತಣಿಯುತ್ತಾ ಹೋಗುತ್ತದೆ. ಅವಸರದಲ್ಲಿ ತಣಿಸಿದರೆ ಗಾಜಿನೊಳಗೆ ಬಿಗುವು ಉಳಿದುಬಿಡುತ್ತದಂತೆ. ನೋಡಲು ಚೆನ್ನಾಗಿಯೇ ಇರುತ್ತದೆ, ಎಂದೋ ಒಂದು ದಿನ ಯಾರೂ ಮುಟ್ಟದೆಯೇ ಚಟ್ ಎಂದು ಸೀಳುತ್ತದೆ. ಸುರಂಗ ಮುಗಿಯುವಲ್ಲಿ ಬಾಟಲಿಗಳನ್ನು ನೋಡಿ ಆರಿಸಿ ಪೆಟ್ಟಿಗೆಗೆ ತುಂಬುವ ಕೋಣೆ ಇದೆ. ನಕ್ಷೆಯಲ್ಲಿ ಅದಕ್ಕೆ ಏನೋ ದೊಡ್ಡ ಹೆಸರಿದೆ, ಬಾಯಲ್ಲಿ ಎಲ್ಲರೂ 'ತುದಿ' ಅನ್ನುತ್ತಾರೆ. 'ಚಹಾ ಎಲ್ಲಿ?' ಎಂದರೆ 'ತುದೀಲಿ.' 'ಮ್ಯಾನೇಜರು ಎಲ್ಲಿ?' 'ತುದಿಗೆ ಹೋದ್ರು.' ನನಗೂ ಆಗಲೇ ಬಾಯಿಗೆ ಹತ್ತಿಬಿಟ್ಟಿದೆ.

ನನ್ನ ಕೆಲಸ ಇಷ್ಟೇ. ಕುಲುಮೆಯ ಪಕ್ಕದ ಕಂಟ್ರೋಲ್ ರೂಮಿನಲ್ಲಿ ಯಂತ್ರಗಳ ಮಾತು ದಾಟಿಸುವ ಒಂದು ಪೆಟ್ಟಿಗೆ, ತುದಿಯಲ್ಲಿ ಒಂದು ಪೆಟ್ಟಿಗೆ, ನಡುವೆ ಒಂದು ತಂತಿ. ಇಲ್ಲಿಂದ ಅಲ್ಲಿನ ಬೆಲ್ಟಿಗೆ 'ನಡಿ, ನಿಲ್ಲು' ಅನ್ನಬೇಕು, ಅಲ್ಲಿಂದ ಲೆಕ್ಕ ಬರಬೇಕು. ಮುಂದಿನ ತಿಂಗಳು ಬಾಟಲಿಯ ಬಿರುಕು ಹಿಡಿಯುವ ಕ್ಯಾಮೆರಾ ಬೇರೆ ಕೂರಿಸುತ್ತಾರಂತೆ. ತಂತಿಯಲ್ಲಿ ಮಾಹಿತಿ ಓಡುವ ವೇಗ ಎಷ್ಟು ಮೆಗಾಬಿಟ್ ಇಡಲಿ? ಹತ್ತು ಸಾಕಾ, ನೂರು ಬೇಕಾ? ಸಾಮಾನು ಮಾರಲು ಬಂದ ಟೈ ಸಾಹೇಬ 'ಸಾವಿರ ಹಾಕಿ ಸಾರ್, ಕಣ್ಮುಚ್ಚಿ ಹಾಕಿ' ಅನ್ನುತ್ತಾನೆ. ನೀರು ಶುದ್ಧ ಮಾಡುವ ಕಾರ್ಖಾನೆಯಲ್ಲಿ ಇದನ್ನೇ ಅರೆದು ಕುಡಿದವಳು ನೀನು. ಹೇಳು.

ಕೆಲಸ ಮುಗಿಸಿ ಒಪ್ಪಿಸಿದ ಮೇಲೆ ಖಾಯಂ. ಅಲ್ಲಿಯ ತನಕ ರಜೆ ಎಂಬ ಮಾತು ಎತ್ತುವ ಹಾಗಿಲ್ಲ. ಎರಡು ಕಡೆ ಕೆಲಸ ಬಿಟ್ಟವನಿಗೆ ಇವರು ಬಾಗಿಲು ತೆರೆದದ್ದೇ ಹೆಚ್ಚು. ಫೋನು ಇರುವುದು ಮ್ಯಾನೇಜರ ಮೇಜಿನ ಮೇಲೆ, ಅದೂ ಅವರ ಕಿವಿಯ ಪಕ್ಕದಲ್ಲಿ. ಹಾಗಾಗಿ ಕಾಗದವೇ ಗತಿ. ಅಮ್ಮನ ಉಸಿರು ಹೇಗಿದೆ?

ಪುಟ್ಟ

ಜನವರಿ 23

ಲೋ ಪುಟ್ಟ,

ಕಾಗದವೇ ಗತಿ ಎಂದು ಓದಿದಾಗ ಅಮ್ಮನ ಮುಖ ನೋಡಬೇಕಿತ್ತು. 'ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಊರೋರ ಮಾತು ಕಿವಿಗೆ ಹಾಕ್ಕೊಂಡಿದ್ದೀನಿ. ನನ್ನ ಮಗನ ಮಾತಾದ್ರೂ ಕಾಗದದಲ್ಲಿ ಬರ್ಲಿ' ಅಂದಳು. ಮನೆಗೆ ಫೋನು ಹಾಕಿಸುವ ನನ್ನ ಆಸೆಗೆ ಮತ್ತೊಮ್ಮೆ ಕಲ್ಲು ಬಿತ್ತು.

ಈಗ ನಿನ್ನ ಪಾಠ. ವೇಗ ಆರಿಸುವ ಮುಂಚೆ ತಂತಿಯಲ್ಲಿ ಏನು ಹೋಗುತ್ತದೆ ಅಂತ ನೋಡು. ಸದ್ಯಕ್ಕೆ ಹೋಗುವುದು ನಡಿ, ನಿಲ್ಲು, ಎಷ್ಟು ಬಿಸಿ, ಎಷ್ಟು ಬಾಟಲಿ. ಅದಕ್ಕೆ ಹತ್ತೇ ಹೆಚ್ಚಾಯಿತು. ಯಂತ್ರಕ್ಕೆ ಬೇಕಾದದ್ದು ವೇಗ ಅಲ್ಲ ಕಣೋ, ಹೊತ್ತಿಗೆ ಸರಿಯಾಗಿ ಬರುವ ಮಾತು. ಕ್ಷಣಕ್ಷಣಕ್ಕೂ ಹೋಗುವ 'ನಡಿ' ಒಂದು ಸಲ ತಡವಾದರೂ ಬೆಲ್ಟು ಹೆದರಿ ನಿಂತುಬಿಡುತ್ತದೆ, ನಿಲ್ಲಲೂ ಬೇಕು. ಆದರೆ ಕ್ಯಾಮೆರಾ ಬರುತ್ತದೆ ಎಂದಿದ್ದೀಯ. ಚಿತ್ರಗಳು ಹೊಟ್ಟೆಬಾಕ. ಅದಕ್ಕೋಸ್ಕರ ನೂರು. ಸಾವಿರದ ಮಾತು ಟೈ ಸಾಹೇಬನ ಬಾಯಲ್ಲೇ ಇರಲಿ. ಮೋಟಾರುಗಳ ಪಕ್ಕದಲ್ಲಿ ಹಾದುಹೋಗುವ ನಿಮ್ಮ ಹಳೇ ತಂತಿಯಲ್ಲಿ ಸಾವಿರ ನಿಲ್ಲುವುದಿಲ್ಲ.

ಇನ್ನೊಂದು. ಈ ಪೆಟ್ಟಿಗೆಗಳಿಗೆ ಒಂದು ಚಾಳಿ ಇದೆ. ತಂತಿ ಚುಚ್ಚಿದ ಕೂಡಲೇ ತಮ್ಮತಮ್ಮಲ್ಲೇ ಮಾತಾಡಿಕೊಂಡು ವೇಗ ಗೊತ್ತುಮಾಡಿಕೊಳ್ಳುತ್ತವೆ. ಎರಡೂ ಒಂದೇ ಕಂಪನಿಯವಾದರೆ ಸರಿ, ಬೇರೆ ಬೇರೆಯಾದರೆ ತಾಳಮೇಳ ಇರುವುದಿಲ್ಲ. ಅವುಗಳ ಮರ್ಜಿಗೆ ಬಿಡಬೇಡ. ತುದಿಯಲ್ಲಿ ನೂರು ಕಟ್ಟಿ, ಫುಲ್ ಎಂದು ಇಟ್ಟುಬಿಡು. ಆಮೇಲೆ ಆ ಕಡೆ ತಿರುಗಿ ನೋಡುವ ಕೆಲಸವಿಲ್ಲ.

ಫುಲ್ ಎಂದರೆ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಹಾಫ್ ಎಂದರೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಎಂದು ಅಮ್ಮನಿಗೆ ಬಿಡಿಸಿ ಹೇಳಿದೆ. 'ಹಾಫೇ ಸರಿ' ಅಂದಳು. 'ಇಬ್ರೂ ಒಟ್ಟಿಗೆ ಮಾತಾಡಿದ್ರೆ ಕೇಳಿಸ್ಕೊಳ್ಳೋರು ಯಾರು?' ನೆನಪಿದೆಯಾ, ಊಟಕ್ಕೆ ಕೂತಾಗ ನಾವಿಬ್ಬರೂ ಒಟ್ಟಿಗೆ ಶುರು ಮಾಡಿದರೆ 'ಒಬ್ಬೊಬ್ರೇ, ಒಬ್ಬೊಬ್ರೇ' ಎಂದು ಚಮಚದಲ್ಲಿ ತಟ್ಟೆ ಬಡಿಯುತ್ತಿದ್ದಳು.

ಕಾಲು ಸ್ವಲ್ಪ ಊದಿದೆ. ಮಾತ್ರೆ ಬದಲಾಯಿಸಿದ್ದಾರೆ. ನೀನು ತಲೆ ಕೆಡಿಸಿಕೊಳ್ಳಬೇಡ. ಈ ಸಲವಾದರೂ ಕೆಲಸದಲ್ಲಿ ಗಟ್ಟಿಯಾಗಿ ಕೂರು.

ಅಕ್ಕ

ಫೆಬ್ರವರಿ 6

ಅಕ್ಕ,

ನಿನ್ನ ಮಾತು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದೇನೆ. ತುದಿಯಲ್ಲಿ ನೂರು ಕಟ್ಟಿದೆ, ಫುಲ್ ಇಟ್ಟೆ, ಹಸಿರು ದೀಪ ಬಂತು, ತಿರುಗಿ ನೋಡಲಿಲ್ಲ. ಬೆಲ್ಟು 'ನಡಿ' ಅಂದರೆ ನಡೆಯುತ್ತದೆ, 'ನಿಲ್ಲು' ಅಂದರೆ ನಿಲ್ಲುತ್ತದೆ. ಮನೆಯಲ್ಲಿ ನನಗಿಂತ ಹೆಚ್ಚು ಹೇಳಿದ ಮಾತು ಕೇಳುತ್ತದೆ.

ಇವತ್ತು ಮ್ಯಾನೇಜರು ನನ್ನ ಬೆನ್ನು ತಟ್ಟಿದರು. 'ಎಲ್ಲಿ ಕಲಿತ್ರಿ?' ಅಂದರು. 'ಮನೇಲಿ' ಅಂದೆ. ಟೈ ಸಾಹೇಬ ಸಾವಿರದ ಡಬ್ಬ ಚೀಲಕ್ಕೆ ಹಾಕಿಕೊಂಡು ಹೋದ. ಎಷ್ಟೋ ದಿನವಾದ ಮೇಲೆ ನನ್ನ ಕೈಯಲ್ಲೂ ಏನೋ ಆಗುತ್ತದೆ ಅನ್ನಿಸಿತು ಅಕ್ಕ. ನಿನಗೆ ಇದು ಅರ್ಥವಾಗಲಿಕ್ಕಿಲ್ಲ, ನೀನು ಕೈಯಿಟ್ಟದ್ದೆಲ್ಲ ಆಗುತ್ತಲೇ ಬಂದಿದೆ.

ಕ್ಯಾಮೆರಾ ಕೂರಿಸಿ ಒಂದು ವಾರ ಓಡಿಸಿ ತೋರಿಸಿದರೆ ಮುಗಿಯಿತು. ತಿಂಗಳ ಕೊನೆಗೆ ಅಲ್ಲಿರುತ್ತೇನೆ. ಈ ಲೈನಿನಲ್ಲಿ ಇಳಿದ ಮೊದಲ ಬಾಟಲಿಯನ್ನು ಅಮ್ಮನಿಗೆ ಎಂದು ಎತ್ತಿಟ್ಟಿದ್ದೇನೆ. ಕಂದು ಬಣ್ಣದ್ದು, ಔಷಧಿ ಬಾಟಲಿ. ಔಷಧಿ ಕಂಡರೆ ಮುಖ ತಿರುಗಿಸುವವಳಿಗೆ ಔಷಧಿ ಬಾಟಲಿಯನ್ನೇ ಕೊಡುತ್ತಿದ್ದೇನೆ, ಬೈದರೆ ಬೈಯಲಿ.

ಪುಟ್ಟ

ಫೆಬ್ರವರಿ 15

ಪುಟ್ಟ,

ನಿನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಬೆನ್ನು ತಟ್ಟಿದ ಭಾಗವನ್ನು ಮೂರನೆಯ ಸಲ. ಆಮೇಲೆ ಇಸಿದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು.

ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೇನೆ. ಬೀದಿಯಲ್ಲಿ ಹೋಗಿಬರುವವರನ್ನು ನೋಡುತ್ತಾ ಒರಗಿಕೊಂಡೇ ಇರುತ್ತಾಳೆ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಹಿಂದೆ ಮೂರು ದಿಂಬು. ನಾನು ಹಗಲಿನ ಪಾಳಿಗೆ ಬದಲಾಯಿಸಿಕೊಂಡಿದ್ದೇನೆ, ನಾನಿಲ್ಲದಾಗ ಎದುರು ಮನೆಯ ಟೈಲರಮ್ಮ ಬಂದು ಕೂರುತ್ತಾಳೆ. ಡಾಕ್ಟರು ಏನೇನೋ ಹೇಳುತ್ತಾರೆ. ನೀನು ಬಂದಾಗ ಹೇಳುತ್ತೇನೆ, ಕಾಗದದಲ್ಲಿ ಬೇಡ.

ಕೈಯಲ್ಲಿ ಏನೋ ಆಗುತ್ತದೆ ಎಂದು ಬರೆದಿದ್ದೀಯಲ್ಲ, ಅಷ್ಟು ಸಾಕು ನನಗೆ. ನಿನ್ನ ಬಗ್ಗೆ ನನಗಿದ್ದ ಚಿಂತೆ ಇದೊಂದೇ. ತಿಂಗಳ ಕೊನೆಗೆ ಕಾಯುತ್ತಿರುತ್ತೇವೆ.

ಅಕ್ಕ

ಫೆಬ್ರವರಿ 26

ಅಕ್ಕ,

ಬರುವುದು ಸ್ವಲ್ಪ ತಡವಾಗುತ್ತದೆ. ಸಣ್ಣ ತೊಂದರೆ.

ಸಣ್ಣದು ಎಂದು ಬರೆದೆ, ಸಣ್ಣದಲ್ಲ. ಕ್ಯಾಮೆರಾ ಕೂರಿಸಿದ ದಿನದಿಂದ ಬೆಲ್ಟು ನಿಲ್ಲುತ್ತಿದೆ. ಚಿತ್ರ ಬರಲು ಶುರುವಾದರೆ ಸಾಕು, ಎಲ್ಲೋ ಒಂದು 'ನಡಿ' ಕಳೆದುಹೋಗುತ್ತದೆ, ಬೆಲ್ಟು ಹೆದರಿ ನಿಲ್ಲುತ್ತದೆ. ಕುಲುಮೆಯನ್ನು ನಿಲ್ಲಿಸಲು ಬರುವುದಿಲ್ಲವಲ್ಲ, ಹಿಂದಿನಿಂದ ಬಾಟಲಿಗಳು ಬರುತ್ತಲೇ ಇರುತ್ತವೆ. ಒಂದರ ಮೇಲೊಂದು ಬಿದ್ದು ಒಡೆಯುತ್ತವೆ. ಆ ಸದ್ದು ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಗುದ್ದಲಿಯಲ್ಲಿ ಗಾಜು ಬಾಚುವವರು ನನ್ನನ್ನು ಒಮ್ಮೆ ನೋಡಿ ಮತ್ತೆ ಬಾಚುತ್ತಾರೆ, ಬೈದಿದ್ದರೇ ಚೆನ್ನಾಗಿತ್ತು.

ಕ್ಯಾಮೆರಾ ಆರಿಸಿದರೆ ಎಲ್ಲ ಸರಿ. ದೀಪ ಸದಾ ಹಸಿರು. ತಂತಿ ಬದಲಾಯಿಸಿದೆ, ಪಿನ್ನು ಬದಲಾಯಿಸಿದೆ, ಮೋಟಾರಿನಿಂದ ದೂರ ಎಳೆದೆ. ಟೈ ಸಾಹೇಬ ಮತ್ತೆ ಬಂದು ಕೂತಿದ್ದಾನೆ. 'ನಾನ್ ಅವತ್ತೇ ಹೇಳ್ದೆ ಸಾರ್, ಸಾವಿರ ಹಾಕಿ ಅಂತ' ಅನ್ನುತ್ತಾನೆ. ನೂರು ಸಾಲದೇ ಅಕ್ಕ? ಅಥವಾ ಹತ್ತಕ್ಕೇ ಇಳಿಸಲಾ? ನಿನ್ನ ಮಾತು ತಪ್ಪಿರಲಾರದು ಎಂದು ಗೊತ್ತು, ನನ್ನ ಕೈಯೇ ಎಲ್ಲೋ ತಪ್ಪಿದೆ.

ಅಮ್ಮನಿಗೆ ಇದನ್ನು ಓದಬೇಡ. 'ಬೆಲ್ಟು ಚೆನ್ನಾಗಿದೆ, ಪುಟ್ಟ ಬರುತ್ತಿದ್ದಾನೆ' ಎಂದು ಓದಿಬಿಡು.

ಪುಟ್ಟ

ಫೆಬ್ರವರಿ 27

ಪುಟ್ಟ,

ತಿಂಗಳ ಕೊನೆ ಬಂತು, ನೀನು ಬರಲಿಲ್ಲ. ಕೊನೆಯ ಪರೀಕ್ಷೆಯಲ್ಲಿದ್ದೀಯ ಎಂದುಕೊಂಡಿದ್ದೇನೆ. ಇಷ್ಟು ಚೆನ್ನಾಗಿ ನಡೆಯುತ್ತಿರುವ ಕೆಲಸವನ್ನು ಒಪ್ಪಿಸಲು ಇನ್ನೆಷ್ಟು ದಿನ ಬೇಕು? ನಾಲ್ಕೈದು ದಿನ?

ಅಮ್ಮನ ಹೃದಯ ದಣಿದಿದೆ ಎಂದು ಡಾಕ್ಟರು ಹೇಳಿದರು. ಗಾಬರಿಯಾಗಬೇಡ. ಹತ್ತಿರದವರು ಹತ್ತಿರ ಇದ್ದರೆ ಒಳ್ಳೆಯದು ಅಂದರು. ಊಟ ಎರಡು ಚಮಚಕ್ಕೆ ಬಂದು ನಿಂತಿದೆ. ಮಾತೂ ಹಾಗೆಯೇ. ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಎರಡು ನಿನ್ನ ಬೆಲ್ಟಿನ ಸಮಾಚಾರ.

ಇವತ್ತು 'ಪುಟ್ಟನಿಗೆ ಏನು ಬರೀಲಮ್ಮ?' ಎಂದು ಕೇಳಿದೆ. ಅವಳು ಹೇಳಿ ಬರೆಸಿದ್ದು ಹೀಗೆ: 'ಕೆಲಸ ಪೂರ್ತಿ ಮುಗಿಸಿಕೊಂಡು, ಒಳ್ಳೆಯ ಹೆಸರು ತೆಗೆದುಕೊಂಡು ಬಾ.'

ಬೇಗ ಮುಗಿಸು.

ಅಕ್ಕ

ಮಾರ್ಚ್ 6

ಅಕ್ಕ,

ನಿನ್ನ ಕಾಗದ ನಿನ್ನೆ ಬಂತು. ನನ್ನದು ಇನ್ನೂ ದಾರಿಯಲ್ಲಿದ್ದಾಗಲೇ ನೀನು ಇದನ್ನು ಬರೆದಿದ್ದೀಯ ಎಂದು ತಾರೀಖು ನೋಡಿ ಗೊತ್ತಾಯಿತು. ಚೆನ್ನಾಗಿ ನಡೆಯುತ್ತಿರುವ ಕೆಲಸ ಎಂಬಲ್ಲಿ ನನಗೆ ನಗು ಬಂತು. ಆಮೇಲೆ ಅಳು ಬಂತು, ಬರೆಯಲು ನಾಚಿಕೆಯೇನಿಲ್ಲ.

ರಜೆ ಕೇಳಿದೆ. ಮುಂದಿನ ವಾರ ಕೊಡುತ್ತಾರೆ. ಮ್ಯಾನೇಜರು ಒಳ್ಳೆಯವರು, 'ತಾಯಿ ಅಂದ್ರೆ ಯಾರ್ ಬೇಡ ಅಂತಾರೆ' ಅಂದರು.

ಬೆಲ್ಟು ಇನ್ನೂ ನಿಲ್ಲುತ್ತಿದೆ. ಅಮ್ಮನ ಮಾತನ್ನು ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಿದ್ದೇನೆ. ಕೆಲಸ ಪೂರ್ತಿ ಮುಗಿಸಿಕೊಂಡು ಬಾ. ಓಡಿಬರಲು ಮನಸ್ಸಾದಾಗಲೆಲ್ಲ ಅದನ್ನು ನೋಡುತ್ತೇನೆ. ಎರಡು ಸಲ ಅರ್ಧಕ್ಕೆ ಬಿಟ್ಟು ಮನೆಗೆ ಬಂದು ಅವಳೆದುರು ನಿಂತಿದ್ದೇನೆ. ಮೂರನೆಯ ಸಲ, ಅದೂ ಅವಳು ಹೀಗಿರುವಾಗ, ಆ ಮುಖ ಹೊತ್ತು ಬರಲಾರೆ. ಮುಗಿಸಿಕೊಂಡೇ ಬರುತ್ತೇನೆ ಎಂದು ಹೇಳು. ಕಾದಿರು ಎಂದು ಹೇಳು.

ಪುಟ್ಟ

ಮಾರ್ಚ್ 7

ಪುಟ್ಟ,

ನಿನ್ನ ಇಪ್ಪತ್ತಾರರ ಕಾಗದ ಈಗ ಕೈಸೇರಿತು. ನಿನ್ನ ಕೆಲಸ ಮುಗಿಯುತ್ತಾ ಬಂದಿದೆ ಎಂಬ ಭರವಸೆಯಲ್ಲಿ ನಾನು ಏನೇನೋ ಬರೆದುಬಿಟ್ಟೆ. ಕೆಲಸ ಹಾಳಾಗಿ ಹೋಗಲಿ. ಈ ಕಾಗದ ಕಂಡ ಕೂಡಲೇ ಹೊರಟು ಬಾ. ಬಟ್ಟೆ ಕೂಡ ಕಟ್ಟಬೇಡ.

ನೀನು ಬೇಡ ಎಂದರೂ ಅಮ್ಮ ನಿನ್ನ ಕಾಗದ ಓದಿಸಿಕೊಂಡಳು. ನಾನು ಓದುವಾಗ ಎಲ್ಲಿ ನುಂಗುತ್ತೇನೆ ಎಂದು ಅವಳಿಗೆ ಗೊತ್ತಾಗುತ್ತದೆ, ಎಷ್ಟಾದರೂ ಎಕ್ಸ್‌ಚೇಂಜಿನ ಕಿವಿ. ಚಿತ್ರ ಬಂದಾಗ 'ನಡಿ' ಕಳೆದುಹೋಗುತ್ತದೆ ಎಂಬುದನ್ನು ಕೇಳಿ, 'ಒಂದು ಬಾಯಿ ಮುಚ್ಚಲ್ಲ, ಇನ್ನೊಂದು ಬಾಯಿ ಬಿಡಲ್ಲ. ನೀವಿಬ್ರೂ ಇದ್ದ ಹಾಗೇ' ಅಂದಳು. ನಕ್ಕಳು ಕೂಡ. ನಾನು ಯಾವತ್ತೂ ನಿನಗೆ ಮಾತಾಡಲು ಬಿಡುವುದಿಲ್ಲ ಎಂಬ ಹಳೇ ದೂರು ಅದು.

ಬರುವ ಮುಂಚೆ ಒಂದೇ ಒಂದು ನೋಡು, ಇಲ್ಲವಾದರೆ ನಿನ್ನ ತಲೆಯಿಂದ ಅದು ಇಳಿಯುವುದಿಲ್ಲ. ತಂತಿಯ ಎರಡೂ ತುದಿಗೆ ಒಂದೇ ರೀತಿ ಕಟ್ಟಿದ್ದೀಯ ತಾನೇ? ಒಂದು ಕಡೆ ಮಾತ್ರ ಕಟ್ಟಿದರೆ ಇನ್ನೊಂದು ಕಡೆಯ ಪೆಟ್ಟಿಗೆ ಉತ್ತರ ಸಿಗದೆ ಹಾಫ್‌ಗೆ ಇಳಿದುಬಿಡುತ್ತದೆ. ಆಗ ಕಟ್ಟಿದ ಕಡೆಯದು ನಿಲ್ಲಿಸದೆ ಮಾತಾಡುತ್ತದೆ, ಇಳಿದ ಕಡೆಯದು ಪ್ರತಿ ಸಲ ಬಾಯಿ ತೆರೆದಾಗಲೂ ಡಿಕ್ಕಿಯಾಯಿತು ಎಂದು ತನ್ನ ಮಾತನ್ನೇ ನುಂಗಿಕೊಳ್ಳುತ್ತದೆ. ದೀಪ ಮಾತ್ರ ಹಸಿರಾಗಿಯೇ ಇರುತ್ತದೆ. ನೀನು ಅಂಥ ತಪ್ಪು ಮಾಡಿರಲಾರೆ, ಆದರೂ ನೋಡು. ನೋಡದಿದ್ದರೂ ಪರವಾಗಿಲ್ಲ. ಬಾ.

ಅಕ್ಕ

ಮಾರ್ಚ್ 29

ಅಕ್ಕ,

ವಾಪಸು ಬಂದು ಸೇರಿ ವಾರದ ಮೇಲಾಯಿತು. ಬಸ್ಸು ತಡವಾಗಲಿಲ್ಲ. ನೀನು ಕಟ್ಟಿಕೊಟ್ಟ ಬ್ರೆಡ್ಡನ್ನು ತಿಂದೆ.

ಮನೆಯಲ್ಲಿದ್ದಷ್ಟು ದಿನವೂ ನಾವಿಬ್ಬರೂ ಮಾತೇ ಆಡಲಿಲ್ಲ. ಬಂದುಹೋಗುವವರಿಗೆ ಚಹಾ ಕೊಟ್ಟೆವು, ಅಷ್ಟೇ. ನೀನು ಮ್ಯಾನೇಜರಿಗೆ ಫೋನು ಮಾಡಿದಾಗ ನಾನು ತಂತಿ ಎಳೆಯಲು ನೆಲದಡಿಯ ಕಾಲುವೆಯಲ್ಲಿ ಇಳಿದಿದ್ದೆ. ಮೇಲೆ ಹತ್ತಿ ಬಂದ ಮೇಲೆ ಹೇಳಿದರು. ಅಲ್ಲಿಂದ ಹೊರಟು ಎಷ್ಟು ಓಡಿದರೂ ತಡವಾಗಿತ್ತು, ಅಮ್ಮ ಹೋಗಿಬಿಟ್ಟಿದ್ದಾಳೆ ಎಂದು ನೀನು ಬಾಗಿಲಲ್ಲಿ ನಿಂತಿದ್ದ ರೀತಿಯಲ್ಲೇ ಗೊತ್ತಾಯಿತು. ಕಿಟಕಿಯ ಪಕ್ಕದ ಮೂರು ದಿಂಬನ್ನು ನೋಡಿದೆ. ಅವಳನ್ನು ನೋಡುವ ಧೈರ್ಯ ಬರಲು ಆಮೇಲೆ ತುಂಬ ಹೊತ್ತಾಯಿತು.

ನಿನ್ನ ಮಾರ್ಚ್ ಏಳರ ಕಾಗದ ಇಲ್ಲಿ ರೂಮಿನ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಅದನ್ನು ಓದಿ ಹೋಗಿ ನೋಡಿದೆ. ನೀನು ಅನುಮಾನಪಟ್ಟದ್ದಲ್ಲ. ಪೆಟ್ಟಿಗೆಯೇ ಕೆಟ್ಟಿತ್ತು, ಬದಲಾಯಿಸಿದೆ. ಎರಡೂ ತುದಿ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಈಗ ಬೆಲ್ಟು ನಿಲ್ಲುವುದಿಲ್ಲ. ಒಂದು ವಾರದಿಂದ ಕ್ಯಾಮೆರಾ ಓಡುತ್ತಿದೆ. ನಿನ್ನೆ ಖಾಯಂ ಮಾಡಿದ ಕಾಗದ ಕೊಟ್ಟರು. ತೆಗೆದುಕೊಂಡು ಜೇಬಿನಲ್ಲಿಟ್ಟುಕೊಂಡೆ. ಯಾರಿಗೆ ಹೇಳಲಿ ಎಂದು ತೋಚಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಪುಟ್ಟ

ಏಪ್ರಿಲ್ 9

ಪುಟ್ಟ,

ಪೆಟ್ಟಿಗೆ ಕೆಟ್ಟಿರಲಿಲ್ಲ. ಅಲ್ಲವಾ?

ಅಮ್ಮನ ದಿಂಬಿನ ಕವರು ಒಗೆಯಲು ತೆಗೆದಾಗ ನಿನ್ನ ಕಾಗದಗಳು ಉದುರಿದವು. ಕೂತು ಮೊದಲಿನಿಂದ ಓದಿದೆ. ಜನವರಿಯದ್ದರಲ್ಲಿ ಬರೆದಿದ್ದೀಯ, ಇಲ್ಲಿ ಆ ಕೋಣೆಗೆ ಎಲ್ಲರೂ 'ತುದಿ' ಅನ್ನುತ್ತಾರೆ ಎಂದು. ಅಮ್ಮನಿಗೆ ಅದು ಎಷ್ಟು ಇಷ್ಟವಾಗಿತ್ತು ಎಂದರೆ ನನ್ನನ್ನು ಅಡುಗೆಮನೆಗೆ ಕಳಿಸುವಾಗಲೂ 'ತುದಿಗೆ ಹೋಗಿ ನೀರು ತಾ' ಅನ್ನುತ್ತಿದ್ದಳು. ಅದನ್ನು ಓದಿ, ನಕ್ಕು, ಅದೇ ವಾರ ನಾನು ಬರೆದೆ: ತುದಿಯಲ್ಲಿ ನೂರು ಕಟ್ಟು. ನನ್ನ ತಲೆಯಲ್ಲಿದ್ದದ್ದು ತಂತಿಯ ಎರಡು ತುದಿ. ನಿನಗೆ ಕಂಡದ್ದು ಆ ಕೋಣೆ. ನೀನು ಅಲ್ಲಿಗೆ ಹೋಗಿ ಕಟ್ಟಿ ಬಂದೆ, ಕಂಟ್ರೋಲ್ ರೂಮಿನದನ್ನು ಹಾಗೆಯೇ ಬಿಟ್ಟೆ. 'ತುದಿಯಲ್ಲಿ ಕಟ್ಟಿದೆ' ಎಂದು ನೀನು ಬರೆದಾಗ ನಾನು ಮತ್ತೆ ನನ್ನದೇ ಅರ್ಥ ಮಾಡಿಕೊಂಡೆ. 'ಎರಡೂ' ಎಂಬ ಒಂದು ಪದ ನಾನು ಬರೆದಿದ್ದರೆ ನೀನು ಹೇಳಿದ ದಿನಕ್ಕೆ ಬಂದಿರುತ್ತಿದ್ದೆ. ನನಗೆ ನೋವಾಗಬಾರದು ಎಂದು ಪೆಟ್ಟಿಗೆಯ ಮೇಲೆ ಹಾಕಿದ್ದೀಯ. ನಿನ್ನ ಸುಳ್ಳು ನನಗೆ ಚಿಕ್ಕಂದಿನಿಂದ ಗೊತ್ತು ಕಣೋ, ಮ್ಯಾನೇಜರು ಒಳ್ಳೆಯವರು ಎಂದದ್ದೂ ಅದೇ ಜಾತಿಯದು. ಅವರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೇಳದೆ ಈ ಮನೆಯಲ್ಲಿ ಒಬ್ಬಳೇ ಓಡಾಡಲು ಆಗುತ್ತಿಲ್ಲ. ಫೆಬ್ರವರಿ ಕೊನೆಯಲ್ಲಿ ಅಮ್ಮ ಹೇಳಿ ಬರೆಸಿದಳು ಎಂದು ನಾನು ಬರೆದ ಮಾತು ಅವಳದಲ್ಲ. 'ಪುಟ್ಟನಿಗೆ ಏನು ಬರೀಲಮ್ಮ?' ಎಂದಾಗ ಅವಳು ಹೇಳಿದ್ದು ಒಂದೇ ಪದ. 'ಬಾ.' ಕೆಲಸ, ಒಳ್ಳೆಯ ಹೆಸರು, ಪೂರ್ತಿ ಮುಗಿಸುವುದು, ಎಲ್ಲ ನಾನು ಸೇರಿಸಿದ್ದು. ನಾಲ್ಕೈದು ದಿನದ ಮಾತು ಎಂದುಕೊಂಡಿದ್ದೆ. ಈ ಸಲ ನೀನು ಗೆದ್ದು ಬಂದು ಅವಳೆದುರು ನಿಲ್ಲಲಿ ಎಂದು ಆಸೆಪಟ್ಟೆ. ನೀನು ಅದನ್ನು ಗೋಡೆಗೆ ಅಂಟಿಸಿಕೊಂಡೆ.

ಬೈದು ಬರೆ. ಸುಮ್ಮನಿರಬೇಡ.

ಅಕ್ಕ

ಮೇ 20

ಪುಟ್ಟ,

ಕಾಗದ ಬರಲಿಲ್ಲ. ಟೈಲರಮ್ಮ ದಿನಾ ಕೇಳುತ್ತಾಳೆ, ಚೆನ್ನಾಗಿದ್ದಾನೆ ಎನ್ನುತ್ತೇನೆ. ಮಂಚವನ್ನು ಕಿಟಕಿಯಿಂದ ಸರಿಸಿಲ್ಲ. ಮನೆಗೆ ಫೋನು ಹಾಕಿಸಲು ಬರೆದುಕೊಟ್ಟೆ, ಆಮೇಲೆ ಹೋಗಿ ಬೇಡ ಎಂದು ಬಂದೆ.

ನಿನ್ನ ಸಿಟ್ಟು ನ್ಯಾಯವೇ. ಅದನ್ನಾದರೂ ಬರೆ.

ಅಕ್ಕ

ಜುಲೈ 2

ಬಾ.

ಜುಲೈ 10

ಅಕ್ಕ,

ನಿನ್ನ ಕಾಗದ ಬಂತು. ಒಂದು ಪದಕ್ಕೆ ಅಷ್ಟು ದೊಡ್ಡ ಹಾಳೆ ಹಾಳುಮಾಡಿದ್ದೀಯ ಎಂದು ಮೊದಲು ಅನ್ನಿಸಿತು. ಆಮೇಲೆ ತುಂಬ ಹೊತ್ತು ಅದನ್ನೇ ನೋಡಿದೆ. ನಿನ್ನ ಅಕ್ಷರದಲ್ಲಿ ಬೇರೆ ಏನೂ ಸೇರಿಸದ ಕಾಗದ ನಾನು ನೋಡಿದ್ದು ಇದೇ ಮೊದಲು.

ಸಿಟ್ಟು ಬಂದಿತ್ತು. ತುದಿಯ ವಿಷಯಕ್ಕಲ್ಲ. ಅದರಲ್ಲಿ ನನ್ನ ಪಾಲೂ ಇದೆ, ಕೇಳಬಹುದಾಗಿತ್ತು, ಕೇಳಲಿಲ್ಲ. ನಿನ್ನ ಮಾತನ್ನು ನಾನು ಯಾವತ್ತೂ ತಿರುಗಿಸಿ ಕೇಳಿದವನಲ್ಲ. ಸಿಟ್ಟು ಬಂದದ್ದು ಅವಳ ಆ ಒಂದು ಪದಕ್ಕೆ. ಅದು ನನ್ನದಾಗಿತ್ತು ಅಕ್ಕ. ಅದು ಬಂದಿದ್ದರೆ ನಾನು ಕುಲುಮೆಯನ್ನೇ ಬಿಟ್ಟು ಓಡುತ್ತಿದ್ದೆ. ನೀನು ಅದನ್ನು ನಿನ್ನ ಮಾತಿನಲ್ಲಿ ಮುಳುಗಿಸಿಬಿಟ್ಟೆ. ಇದನ್ನು ಬರೆಯಲು ಎಷ್ಟೋ ಸಲ ಕೂತೆ, ಪ್ರತಿ ಸಲವೂ ನುಂಗಿಕೊಂಡೆ. ಹಾಗೆ ನುಂಗಿಕೊಳ್ಳುವುದು ನನ್ನ ತಪ್ಪು. 'ಬಿಟ್ಟು ಹೋದ್ರೆ ಕೀಲಿಕೈ ಇಟ್ಟು ಹೋಗಿ, ವಾಪಸು ಬರ್ಬೇಡಿ' ಎಂದು ರಜೆ ಕೇಳಿದಾಗ ಮ್ಯಾನೇಜರು ಅಂದದ್ದನ್ನು ಆ ದಿನವೇ ಬರೆದಿದ್ದರೆ ನೀನು 'ಇಟ್ಟು ಬಾರೋ' ಎಂದು ಬೈದು ಫೋನು ಮಾಡುತ್ತಿದ್ದೆ.

ಗೋಡೆಯ ಚೀಟಿ ಕಿತ್ತುಹಾಕಿದೆ. ಅವಳದಲ್ಲದಿದ್ದರೂ ಹರಿಯಲು ಮನಸ್ಸು ಬರಲಿಲ್ಲ, ನಿನ್ನ ಆಸೆ ತಾನೇ ಅದು. ಮಡಚಿ ಆ ಕಂದು ಬಾಟಲಿಯೊಳಗೆ ಹಾಕಿದ್ದೇನೆ. ಬಾಟಲಿ ಅವಳಿಗೆಂದು ತೆಗೆದಿಟ್ಟದ್ದು, ಕಿಟಕಿಯ ಹತ್ತಿರ ಇಡೋಣ.

ಶನಿವಾರ ಹೊರಡುತ್ತೇನೆ. ರಜೆ ಕೇಳಿಲ್ಲ, ಹೇಳಿದ್ದೇನೆ. ನನಗೆ ಹೇಳಬೇಕಾದದ್ದು ತುಂಬ ಇದೆ, ನಿನಗೂ ಇರುತ್ತದೆ. ಈ ಸಲ ನೀನು ಮುಗಿಸುವ ತನಕ ಕಾಯುವುದಿಲ್ಲ, ನೀನೂ ಕಾಯಬೇಡ. ಊಟಕ್ಕೆ ಕೂತು ಇಬ್ಬರೂ ಒಟ್ಟಿಗೆ ಮಾತಾಡೋಣ. ಒಬ್ಬೊಬ್ರೇ ಎಂದು ತಟ್ಟೆ ಬಡಿಯಲು ಯಾರೂ ಇಲ್ಲ.

ಪುಟ್ಟ